ದೋಷವನ್ನು ಹುಡುಕುವುದೂ ದುಡಿಮೆಯೇ

ಹುಬ್ಬಳ್ಳಿಯ ಕೇಶ್ವಾಪುರವನ್ನು ದಾಟಿ ಮುಂದೆ ಹೋದರೆ ಗೋಪನಕೊಪ್ಪ ಬರುತ್ತದೆ. ಹೆಸರಿನಲ್ಲಿ ಇಂದಿಗೂ ಅದು ಕೊಪ್ಪವೇ, ಎಂದರೆ ಸಣ್ಣ ಹಳ್ಳಿಯೇ. ಆದರೆ ಅವಳಿ ನಗರ ಬೆಳೆದು ಬಂದು ಅದನ್ನು ತನ್ನ ಒಡಲಿಗೆ ಸೇರಿಸಿಕೊಂಡು ಬಹುಕಾಲವಾಯಿತು. ಕಳೆದ ಮಳೆಗಾಲದ ಕೊನೆಯಲ್ಲಿ ಅಲ್ಲಿನ ಒಂದು ಸಣ್ಣ ಗ್ಯಾರೇಜಿನಲ್ಲಿ ನಾವು ಅರ್ಧ ದಿನ ಕುಳಿತಿರಬೇಕಾಯಿತು. ನಮ್ಮ ಕೆಲಸ ಕಾಲು ಗಂಟೆಯದು. ಆದರೆ ನಮಗಿಂತ ಮೊದಲು ಬಂದು ನಿಂತಿದ್ದ ಒಂದು ಲಾರಿಯ ಕೆಲಸ ಮುಗಿಯುವಂತಿರಲಿಲ್ಲ. ಹೊತ್ತು ಕಳೆಯಲೆಂದು ನೋಡುತ್ತ ಕುಳಿತ ನಾವು ಒಂದು ಪಾಠವನ್ನು ಕಲಿತು ಎದ್ದೆವು. ಆ ಪಾಠವನ್ನೂ ಅದರಿಂದ ನಮ್ಮಲ್ಲಿ ಮೂಡಿದ ಅಭಿಪ್ರಾಯವನ್ನೂ ವಿದ್ಯಾರ್ಥಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಲಾರಿಯ ಕಾಯಿಲೆ ಒಂದೇ: ಸ್ಟೇರಿಂಗು ವಿಪರೀತ ಭಾರ. ಪವರ್ ಸ್ಟೇರಿಂಗು ಇದ್ದ ಬಂಡಿ ಅದು. ಎರಡು ಬೆರಳಿನಲ್ಲಿ ಅಲ್ಲದಿದ್ದರೂ ಎರಡು ಕೈಗಳಲ್ಲಿ ಸರಾಗವಾಗಿ ತಿರುಗಬೇಕಾದದ್ದು. ಚಾಲಕನು ಭುಜದ ನೋವಿನಿಂದ ತೋಳನ್ನೇ ಎತ್ತಲಾರದೆ ನಿಂತಿದ್ದನು. ಒಡೆಯರೂ ಜೊತೆಗೆ ಬಂದಿದ್ದರು.

“ಪಂಪ್ ಹೊಸಾದು ಹಾಕ್ಸೇವ್ರಿ, ಬಾಕ್ಸಿನ ಸೀಲೂ ಹಾಕ್ಸೇವ್ರಿ. ಆದ್ರೂ ಗಟ್ಟಿನ ಐತಿ. ಇನ್ನ ಬಾಕ್ಸನ ಬದಲಿ ಮಾಡಿಬಿಡ್ರಿ ಮಿಸ್ತ್ರಿ,” ಎಂದರು ಅವರು.

“ತಡೀರಿ ಸಾವ್ಕಾರ್ರ. ಮೊದಲ ಗಾಲಿ ಎತ್ತಿ ನೋಡೂಣು,” ಎಂದನು ಮಿಸ್ತ್ರಿ.

ಗಾಲಿಯನ್ನು ಎತ್ತಿ ನೋಡಿದರೆ ತಿಳಿಯುವುದೇನು? ಇದು ಅರ್ಥವಾಗಬೇಕಾದರೆ ಆ ಯಂತ್ರದ ಮರ್ಮವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ತುಂಬಿದ ಲಾರಿಯ ಮುಂದಿನ ಅಚ್ಚಿನ ಮೇಲೆ ಆರೇಳು ಟನ್ನು ಭಾರ ಬೀಳುವುದುಂಟು. ಅಷ್ಟು ಭಾರವನ್ನು ಹೊತ್ತು ನೆಲಕ್ಕೆ ಅಂಟಿಕೊಂಡ ಎರಡು ಟಾಯರುಗಳನ್ನು ನಿಂತಲ್ಲಿಯೇ ತಿರುಗಿಸುವುದು ಮನುಷ್ಯನ ತೋಳಿಗೆ ಸುಲಭವಲ್ಲ. ಹಲ್ಲುಗಾಲಿಗಳ ಮೂಲಕ ಬಲವನ್ನು ಹೆಚ್ಚಿಸಬಹುದು, ನಿಜ. ಆದರೆ ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕೆಂಬುದು ಯಂತ್ರಶಾಸ್ತ್ರದ ನಿಯಮ. ಹಿಂದಿನ ಲಾರಿಗಳಲ್ಲಿ ಒಂದು ತಿರುವನ್ನು ದಾಟಲು ಚಾಲಕನು ದೊಡ್ಡ ಚಕ್ರವನ್ನು ಮತ್ತೆ ಮತ್ತೆ ಸುತ್ತಬೇಕಾಗಿದ್ದುದು ಇದೇ ಕಾರಣದಿಂದ. ಆದ್ದರಿಂದ ಎಂಜಿನಿನ ಬಲವನ್ನೇ ಕೊಂಚ ಕಡ ತರುವ ಉಪಾಯವನ್ನು ಹುಡುಕಿದರು.

ಆ ಕಡವನ್ನು ಹೊತ್ತು ತರುವುದು ಎಣ್ಣೆ. ಮುಚ್ಚಿದ ದ್ರವದ ಒಂದೆಡೆ ಒತ್ತಡವನ್ನು ಹೇರಿದರೆ ಅದು ಎಲ್ಲ ದಿಕ್ಕುಗಳಿಗೂ ಕುಂದಿಲ್ಲದೆ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮವನ್ನು ಹೈಸ್ಕೂಲಿನ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮನು ತನ್ನ ದ್ರವಪೀಡನ ಯಂತ್ರವನ್ನು ಕಟ್ಟಿದ್ದು ಈ ನಿಯಮದ ಮೇಲೆಯೇ. ಲೆಕ್ಕ ಹಾಕಿ ನೋಡೋಣ. ಸ್ಟೇರಿಂಗ್ ಪೆಟ್ಟಿಗೆಯೊಳಗಿನ ಪಿಸ್ಟನಿನ ವ್ಯಾಸ ೮ ಸೆಂಟಿಮೀಟರು ಇರಲಿ. ಅದರ ಮುಖದ ವಿಸ್ತೀರ್ಣ ಸುಮಾರು ೫೦ ಚದರ ಸೆಂಟಿಮೀಟರು. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ ೧೦೦ ಕಿಲೋಗ್ರಾಮು ಆದರೆ ಪಿಸ್ಟನಿನ ಮೇಲೆ ಬೀಳುವ ನೂಕು ೫,೦೦೦ ಕಿಲೋಗ್ರಾಮು, ಅಂದರೆ ಐದು ಟನ್ನು! ಮುಷ್ಟಿಯಷ್ಟಿರುವ ಒಂದು ಪಂಪಿನಿಂದ ಇಷ್ಟು ಬಲ ದೊರೆಯುವುದು. ಆ ಪಿಸ್ಟನು ಸರಿದಾಗ ಅದರ ಹಲ್ಲುಗಳು ಒಂದು ದಂಡವನ್ನು ತಿರುಗಿಸುತ್ತವೆ. ದಂಡದ ತುದಿಯ ಡ್ರಾಪ್ ಆರ್ಮು ಡ್ರ್ಯಾಗ್ ಲಿಂಕೆಂಬ ಸರಳನ್ನು ಎಳೆಯುತ್ತದೆ, ಇಲ್ಲವೆ ನೂಕುತ್ತದೆ. ಆ ಸರಳು ಒಂದು ಗಾಲಿಯನ್ನು ಹೊರಳಿಸುತ್ತದೆ. ಟೈ ರಾಡು ಇನ್ನೊಂದನ್ನು ಜೊತೆಗೆ ಎಳೆದೊಯ್ಯುತ್ತದೆ. ಗಾಲಿಗಳು ಹೊರಳುವುದು ಕಿಂಗ್ ಪಿನ್ನೆಂಬ ನೆಟ್ಟನೆಯ ಗೂಟಗಳ ಸುತ್ತ.

ಇಷ್ಟು ಬಲವನ್ನು ಚಾಲಕನ ಇಚ್ಛೆಗೆ ಅಧೀನವಾಗಿಡುವುದು ಹೇಗೆ? ಅಮೆರಿಕದ ಪಿಯರ್ಸ್ ಆರೋ ಸಂಸ್ಥೆಯ ಲಾರಿ ವಿಭಾಗದಲ್ಲಿ ಕೆಲಸ ಮಾಡಿ ಹೊರಬಂದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು ಈ ಸಮಸ್ಯೆಯನ್ನು ಕೈಗೆತ್ತಿಕೊಂಡು ೧೯೨೬ರ ಹೊತ್ತಿಗೆ ತನ್ನ ವಾಹನದಲ್ಲಿಯೇ ಅದನ್ನು ಬಿಡಿಸಿ ತೋರಿಸಿದನು. ಆವರೆಗಿನ ದ್ರವಯಂತ್ರಗಳಲ್ಲಿ ಕವಾಟವನ್ನು ಮುಚ್ಚಿ ಒತ್ತಡವನ್ನು ಕೂಡಿಡುವುದು ರೂಢಿ. ಡೇವಿಸನು ಕವಾಟವನ್ನು ತೆರೆದೇ ಇಟ್ಟನು. ಬಂಡಿ ನೇರವಾಗಿ ಓಡುವಾಗ ಎಣ್ಣೆ ಪಂಪಿನಿಂದ ಹೊರಟು ಪೆಟ್ಟಿಗೆಯನ್ನು ಹಾದು ತನ್ನ ತೊಟ್ಟಿಗೆ ಸುಮ್ಮನೆ ಮರಳುತ್ತಿರುತ್ತದೆ. ಚಕ್ರವನ್ನು ತಿರುಗಿಸಿದ ಕೂಡಲೇ ಕವಾಟ ಒಂದಿಷ್ಟು ಸರಿದು ಎಣ್ಣೆಯನ್ನು ಪಿಸ್ಟನಿನ ಒಂದು ಬದಿಗೆ ತಿರುಗಿಸುತ್ತದೆ. ಇಂದಿನ ಪೆಟ್ಟಿಗೆಗಳಲ್ಲಿ ಈ ಸರಿತವನ್ನು ಅಳೆಯುವುದು ತೆಳ್ಳನೆಯ ಒಂದು ಉಕ್ಕಿನ ಸಲಾಕೆ. ಚಾಲಕನ ಕೈ ಅದನ್ನು ಎಷ್ಟು ತಿರುಚುವುದೋ ಅಷ್ಟೇ ಸಹಾಯ ಎಣ್ಣೆಯಿಂದ ಒದಗುವುದು. ಸಾಮಾನ್ಯ ಜನ ಕೊಳ್ಳುವ ಕಾರಿಗೆ ಇದು ಬಂದದ್ದು ೧೯೫೧ರಲ್ಲಿ, ಕ್ರೈಸ್ಲರ್ ಸಂಸ್ಥೆಯ ಇಂಪೀರಿಯಲ್ ಕಾರಿನ ಮೂಲಕ. ಮೊದಲ ಪ್ರದರ್ಶನಕ್ಕೂ ಮಾರಾಟಕ್ಕೂ ನಡುವೆ ಕಾಲು ಶತಮಾನ ಕಳೆದಿತ್ತು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಂಪು ಒತ್ತಡವನ್ನು ಹುಟ್ಟಿಸುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ಪೂರ್ತಿ ಸರಿಯಲ್ಲ. ಪಂಪು ಕೊಡುವುದು ಹರಿವನ್ನು. ಆ ಹರಿವಿಗೆ ಎದುರಾಗುವ ಅಡ್ಡಿಯಿಂದ ಒತ್ತಡ ಹುಟ್ಟುತ್ತದೆ. ಅಡ್ಡಿಯಿಲ್ಲದೆಡೆ ಎಷ್ಟು ಒಳ್ಳೆಯ ಪಂಪಾದರೂ ಒತ್ತಡಮಾಪಕದ ಮುಳ್ಳು ಹೆಚ್ಚು ಮೇಲೇರದು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮರಳಿ ಗೋಪನಕೊಪ್ಪಕ್ಕೆ ಹೋಗೋಣ.

ಮಿಸ್ತ್ರಿ ಮೊದಲು ಮುಟ್ಟಿದ್ದು ಪಾನಾವನ್ನಲ್ಲ. ಅವನು ಚಾಲಕನನ್ನು ಪ್ರಶ್ನಿಸತೊಡಗಿದನು. ಎಡಕ್ಕೂ ಬಲಕ್ಕೂ ಒಂದೇ ಭಾರವೇ? ಖಾಲಿ ಬಂಡಿಯಲ್ಲಿಯೂ ಭಾರವೇ? ಎಂಜಿನನ್ನು ಜೋರು ಮಾಡಿದರೆ ಹಗುರವಾಗುವುದೇ? ತಿರುವು ಮುಗಿದ ಮೇಲೆ ಗಾಲಿ ತಾನಾಗಿ ನೆಟ್ಟಗಾಗುವುದೇ? ಕೊನೆಯ ಪ್ರಶ್ನೆಗೆ ಚಾಲಕನು, “ಇಲ್ರಿ, ನಾನ ಎಳಕೊಂಡು ಸೀದಾ ಮಾಡಬೇಕು,” ಎಂದನು. ಇದನ್ನು ಅವನನ್ನು ಈ ಮೊದಲು ಯಾರೂ ಕೇಳಿರಲಿಲ್ಲವಂತೆ! ಅನಂತರ ಮಿಸ್ತ್ರಿ ಟಾಯರುಗಳ ಗಾಳಿಯನ್ನು ನೋಡಿದನು. ತೊಟ್ಟಿಯ ಎಣ್ಣೆಯ ಮಟ್ಟವನ್ನೂ ಬಣ್ಣವನ್ನೂ ನೋಡಿದನು. ಎಣ್ಣೆ ನೊರೆಗಟ್ಟಿ ಹಾಲಿನಂತೆ ಕಂಡರೆ ಅದರಲ್ಲಿ ಗಾಳಿ ಸೇರಿದೆಯೆಂದು ತಿಳಿಯಬೇಕು. ಇಲ್ಲಿ ಹಾಗಿರಲಿಲ್ಲ.

ಅನಂತರ ಪಂಪಿಗೂ ಪೆಟ್ಟಿಗೆಗೂ ನಡುವಣ ಕೊಳವೆಯಲ್ಲಿ ಒಂದು ಒತ್ತಡಮಾಪಕವನ್ನೂ ಅದರ ಮುಂದೆ ಒಂದು ಕವಾಟವನ್ನೂ ಜೋಡಿಸಿದನು. ಎಣ್ಣೆ ಬಿಸಿಯಾದ ಮೇಲೆ ಕವಾಟವನ್ನು ಕೆಲವೇ ಸೆಕೆಂಡುಗಳ ಕಾಲ ಪೂರ್ತಿ ಮುಚ್ಚಿದನು. ಹೆಚ್ಚು ಹೊತ್ತು ಮುಚ್ಚಿದರೆ ಪಂಪು ಕಾದು ಕೆಡುವುದು. ಮುಳ್ಳು ತಯಾರಕರು ಸೂಚಿಸಿದ ಅಂಕೆಯವರೆಗೆ ಏರಿತು. ಪಂಪು ನಿರ್ದೋಷಿ! ಕವಾಟವನ್ನು ತೆರೆದು, ಅಚ್ಚಿನ ತಡೆಬೋಲ್ಟಿನ ಮುಂದೆ ಒಂದು ಕಬ್ಬಿಣದ ತುಂಡನ್ನಿಟ್ಟು, ಚಕ್ರವನ್ನು ಒಂದು ಕೊನೆಗೆ ತಿರುಗಿಸಿ ಹಿಡಿಯಿಸಿದನು. ಮುಳ್ಳು ಮತ್ತೆ ಅಲ್ಲಿಗೇ ಏರಿತು. ಇನ್ನೊಂದು ಕೊನೆಯಲ್ಲಿಯೂ ಅಷ್ಟೇ. ಪೆಟ್ಟಿಗೆಯೊಳಗೆ ಎಣ್ಣೆ ಸೋರುತ್ತಿದ್ದರೆ ಮುಳ್ಳು ಕೆಳಗೇ ನಿಲ್ಲಬೇಕಾಗಿತ್ತು. ಪೆಟ್ಟಿಗೆಯೂ ನಿರ್ದೋಷಿ!

ಈಗ ಜಾಕು ಹಚ್ಚಿ ಮುಂದಿನ ಅಚ್ಚನ್ನು ಎತ್ತಿ ಆಸರೆಯ ಮೇಲೆ ನಿಲ್ಲಿಸಿದನು. ಗಾಲಿಗಳು ನೆಲವನ್ನು ಬಿಟ್ಟಿದ್ದವು. ಆಗ ಚಕ್ರವನ್ನು ನಡುವಿನಿಂದ ಅತ್ತಿತ್ತ ತಿರುಗಿಸಿದರೆ ಮುಳ್ಳು ಕೊಂಚವೇ ಅಲುಗಬೇಕು, ಏಕೆಂದರೆ ನೆಲದ ಅಡ್ಡಿ ಈಗ ಇಲ್ಲ. ಆದರೆ ಮುಳ್ಳು ಸರಸರನೆ ಮೇಲೇರಿತು. ನೆಲ ತಡೆಯುತ್ತಿಲ್ಲ, ಆದರೂ ಏನೋ ತಡೆಯುತ್ತಿದೆ! ಎಣ್ಣೆ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿದೆ. ತಡೆ ಇರುವುದು ಪೆಟ್ಟಿಗೆಯ ಆಚೆ. ಡ್ರ್ಯಾಗ್ ಲಿಂಕನ್ನು ಬಿಚ್ಚಿ ಇಬ್ಬರು ಹಿಡಿದು ನೂಕಿದರೂ ಗಾಲಿಗಳು ಹೊರಳಲೊಲ್ಲವು. ಟೈ ರಾಡನ್ನೂ ಬಿಚ್ಚಿದಾಗ ಬಲಗಾಲಿ ತೊಟ್ಟಿಲಿನಂತೆ ತೂಗಿತು. ಎಡಗಾಲಿ ಮಾತ್ರ ಕದಲಲಿಲ್ಲ. ಎಡಗಡೆಯ ಕಿಂಗ್ ಪಿನ್ನಿಗೆ ಗ್ರೀಸು ಹೋಗುವ ರಂಧ್ರದಲ್ಲಿ ಎರೆಮಣ್ಣು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಒಳಗಿನ ಬೇರಿಂಗು ತುಕ್ಕು ಹಿಡಿದು ಪುಡಿಯಾಗಿತ್ತು.

ಒಂದು ರಂಧ್ರದ ಮಣ್ಣಿಗಾಗಿ ಒಂದು ಪಂಪಿನ ಬೆಲೆಯೂ ಒಂದು ಸೀಲುಗಟ್ಟಿನ ಬೆಲೆಯೂ ವ್ಯರ್ಥವಾಗಿದ್ದವು. ಅದಕ್ಕಿಂತ ಹೆಚ್ಚಾಗಿ, ಚಾಲಕನು ಆ ಬಂಡಿಯನ್ನು ಅಷ್ಟು ದಿನವೂ ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟದ ತಿರುವುಗಳಲ್ಲಿ ನಡೆಸಿದ್ದನು. ತಿರುವು ಮುಗಿದರೂ ನೆಟ್ಟಗಾಗದ ಗಾಲಿ ಆ ಘಟ್ಟದಲ್ಲಿ ಏನನ್ನು ಮಾಡಬಲ್ಲದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಮಿಸ್ತ್ರಿ ಮಾಡಿದ್ದೇನು? ಒಂದೊಂದು ಪ್ರಯೋಗದಿಂದಲೂ ಅನುಮಾನದ ಕ್ಷೇತ್ರವನ್ನು ಕುಗ್ಗಿಸುತ್ತ ಬಂದನು. ಪ್ರತಿಸಲವೂ, ದೋಷ ಇಲ್ಲಿದ್ದರೆ ಏನು ಕಾಣಬೇಕು, ಇಲ್ಲಿಲ್ಲದಿದ್ದರೆ ಏನು ಕಾಣಬೇಕು ಎಂದು ಮೊದಲೇ ಎಣಿಸಿ, ಅನಂತರ ನೋಡಿದನು. ಪ್ರಯೋಗಶಾಲೆಯಲ್ಲಿ ನಾವು ವಿಜ್ಞಾನದ ವಿಧಾನವೆಂದು ಕಲಿಯುವುದು ಇದನ್ನೇ ಅಲ್ಲವೆ? ಅನುಮಾನ ಬಂದ ಭಾಗವನ್ನು ಬದಲಿಸಿ ನೋಡುವುದು, ಸರಿಹೋಗದಿದ್ದರೆ ಮತ್ತೊಂದನ್ನು ಬದಲಿಸುವುದು, ಇದು ಪ್ರಯೋಗವಲ್ಲ, ಜೂಜು.

ಆದರೆ ನಮ್ಮನ್ನು ಈ ಲೇಖನಕ್ಕೆ ಪ್ರೇರಿಸಿದ್ದು ಇನ್ನೂ ಮುಂದಿನ ಸಂಗತಿ. ಕೂಲಿಯ ಮಾತು ಬಂದಿತು. ಹೊಸ ಬೇರಿಂಗು, ಬುಶ್ಶುಗಳ ಬೆಲೆಯನ್ನು ಒಡೆಯರು ಒಪ್ಪಿದರು. ಅವನ್ನು ಕೂರಿಸುವ ಕೂಲಿಯನ್ನೂ ಒಪ್ಪಿದರು. ಹುಡುಕಿದ ಹೊತ್ತಿಗೆ ಮಿಸ್ತ್ರಿ ಏನೋ ಕೇಳಿದಾಗ, “ಗೇಜ್ ಹಚ್ಚಿ ನೋಡಿದ್ದಕ್ಕ ಯಾತರ ರೊಕ್ಕ?” ಎಂದುಬಿಟ್ಟರು. ಮಿಸ್ತ್ರಿ ಮರುಮಾತಾಡದೆ ಅರಿವೆಯಿಂದ ಕೈ ಒರೆಸಿಕೊಂಡನು.

ಆ ಒಡೆಯರು ಕೃಪಣರೆಂದು ನಾವು ಹೇಳುತ್ತಿಲ್ಲ. ಅವರು ಆಡಿದ್ದು ನಮ್ಮೆಲ್ಲರ ಮಾತು. ಕಣ್ಣಿಗೆ ಕಾಣುವ ವಸ್ತುವಿಗೆ ನಾವು ಹಣ ಕೊಡುತ್ತೇವೆ, ಕೈ ಮಾಡಿದ ಶ್ರಮಕ್ಕೂ ಕೊಡುತ್ತೇವೆ. ತಲೆ ಮಾಡಿದ ಶ್ರಮಕ್ಕೆ ಕೊಡಲು ಮನಸ್ಸು ಹಿಂಜರಿಯುತ್ತದೆ. ಇದರ ಫಲವೇನೆಂಬುದನ್ನು ಯೋಚಿಸಿರಿ. ಅರ್ಧ ದಿನ ಹುಡುಕಿ ಒಂದು ಸಣ್ಣ ಬೇರಿಂಗನ್ನು ಬದಲಿಸುವ ಮಿಸ್ತ್ರಿಗೆ ದೊರೆಯುವುದು ಅಲ್ಪ. ನೋಡದೆಯೇ ಪಂಪನ್ನು ಬದಲಿಸುವವನಿಗೆ ದೊರೆಯುವುದು ಅಧಿಕ. ಹೀಗಿರುವಾಗ ಮಿಸ್ತ್ರಿಗಳು ಪರೀಕ್ಷಿಸದೆ ಭಾಗ ಬದಲಿಸುತ್ತಾರೆಂದು ಅವರನ್ನು ದೂರುವುದು ಯಾವ ನ್ಯಾಯ? ಆ ರೂಢಿಯನ್ನು ಬೆಳೆಸಿದವರು ನಾವು. ರಕ್ತಪರೀಕ್ಷೆಯಲ್ಲಿ ರೋಗವಿಲ್ಲವೆಂದು ತಿಳಿದರೂ ಪ್ರಯೋಗಾಲಯಕ್ಕೆ ಹಣ ತೆತ್ತು ಸಂತೋಷದಿಂದ ಮನೆಗೆ ಮರಳುವ ನಾವು, ಪಂಪಿನಲ್ಲಿ ದೋಷವಿಲ್ಲವೆಂದು ತೋರಿಸಿಕೊಟ್ಟವನಿಗೆ ಬರಿಗೈ ತೋರಿಸುತ್ತೇವೆ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಹುಡುಕಾಟಕ್ಕೂ ಕೂಲಿ ಎಂದಾದರೆ, ಹುಡುಕದೆಯೇ ಹುಡುಕಿದೆನೆಂದು ಹೇಳುವವರು ಹುಟ್ಟಿಕೊಳ್ಳುವುದಿಲ್ಲವೆ? ಹುಟ್ಟಿಕೊಳ್ಳಬಹುದು. ಅದಕ್ಕೆ ಮದ್ದು ಅಳತೆಯಲ್ಲಿಯೇ ಇದೆ. ಕವಾಟ ಮುಚ್ಚಿದಾಗ ಇಷ್ಟು, ತೆರೆದು ಕೊನೆಯಲ್ಲಿ ಹಿಡಿದಾಗ ಇಷ್ಟು, ಗಾಲಿ ಎತ್ತಿದಾಗ ಇಷ್ಟು ಎಂದು ಮೂರು ಅಂಕೆಗಳನ್ನು ಬಿಲ್ಲಿನ ಮೇಲೆ ಬರೆಯಲಿ; ದುರಸ್ತಿಯ ಅನಂತರ ಮತ್ತೆ ಬರೆಯಲಿ. ಆ ಅಂಕೆಗಳನ್ನು ಇನ್ನೊಂದು ಗ್ಯಾರೇಜಿನಲ್ಲಿ ಯಾರಾದರೂ ಅಳೆದು ನೋಡಬಹುದು. ಸುಳ್ಳು ಹೇಳಿದರೆ ಸಿಕ್ಕಿಬೀಳುವಂತಹ ಮಾತಿಗೆ ಮಾತ್ರ ವಿಜ್ಞಾನದಲ್ಲಿ ಬೆಲೆಯುಂಟು. ವ್ಯವಹಾರದಲ್ಲಿಯೂ ಹಾಗೆಯೇ ಆಗಲಿ.

ಪವರ್ ಸ್ಟೇರಿಂಗು ಇಲ್ಲದ ಹಳೆಯ ಲಾರಿ, ಟ್ರ್ಯಾಕ್ಟರುಗಳಿಗೆ ಅದನ್ನು ಹೊಸದಾಗಿ ಅಳವಡಿಸುವ ಕೆಲಸದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅಲ್ಲಿ ನಿಷ್ಕಾಳಜಿಯಿಂದ ಕೆಲಸ ಮಾಡಿದವನು ಮುಂದಿನ ದೋಷದ ಬೀಜವನ್ನು ತಾನೇ ಬಿತ್ತುತ್ತಾನೆ. ಪಂಪು ಕೊಡುವ ಹರಿವು ಪೆಟ್ಟಿಗೆ ಬೇಡುವ ಹರಿವಿಗೆ ಹೊಂದಬೇಕು; ಕಡಿಮೆಯಾದರೆ ಬೇಗನೆ ತಿರುಗಿಸಿದಾಗ ಚಕ್ರ ತಟ್ಟನೆ ಬಿಗಿಯುವುದು. ಬೆಲ್ಟಿನ ಎರಡು ರಾಟೆಗಳು ಒಂದೇ ನೇರದಲ್ಲಿರಬೇಕು. ಎಣ್ಣೆಯ ತೊಟ್ಟಿ ಪಂಪಿಗಿಂತ ಎತ್ತರದಲ್ಲಿರಬೇಕು. ಒತ್ತಡದ ಕೊಳವೆ ಎಲ್ಲಿಯೂ ಉಜ್ಜಬಾರದು. ಹೊಗೆಕೊಳವೆಯ ಕಾವು ಅದಕ್ಕೆ ತಗಲಬಾರದು. ಕೊಳವೆಯ ಬಾಯಿಗಳನ್ನು ಜೋಡಿಸುವವರೆಗೆ ಮುಚ್ಚಿಟ್ಟಿರಬೇಕು. ಒಂದು ಮರಳಿನ ಕಣ ಕವಾಟದ ನುಣುಪನ್ನು ಗೀರಿಬಿಡಬಲ್ಲದು. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಬೇಕು. ಬ್ರೇಕಿನ ದ್ರವ ಕೈಗೆ ಸಿಕ್ಕಿತೆಂದು ಅದನ್ನು ಸುರಿದರೆ ರಬ್ಬರಿನ ಸೀಲುಗಳು ಉಬ್ಬಿ ಹಾಳಾಗುವುವು. ಡ್ರಾಪ್ ಆರ್ಮನ್ನಾಗಲಿ ಡ್ರ್ಯಾಗ್ ಲಿಂಕನ್ನಾಗಲಿ ಕಾಸಿ ಬಗ್ಗಿಸುವುದು, ವೆಲ್ಡು ಮಾಡುವುದು ಸರ್ವಥಾ ಕೂಡದು. ಕಾಸಿದ ಉಕ್ಕು ತನ್ನ ಗಟ್ಟಿತನವನ್ನು ಕಳೆದುಕೊಂಡಿರುವುದು ಹೊರಗಿನಿಂದ ಕಾಣುವುದಿಲ್ಲ. ಎಣ್ಣೆ ತುಂಬಿದ ಮೇಲೆ ಗಾಲಿಗಳನ್ನು ಎತ್ತಿ, ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲಗೆ ಹಲವು ಸಲ ತಿರುಗಿಸಿ, ಗುಳ್ಳೆಗಳು ನಿಲ್ಲುವವರೆಗೆ ಗಾಳಿಯನ್ನು ಹೊರಹಾಕಬೇಕು. ಎಣ್ಣೆಯಂತಲ್ಲದೆ ಗಾಳಿ ಒತ್ತಿದರೆ ಕುಗ್ಗುತ್ತದೆ. ಆದ್ದರಿಂದಲೇ ಗಾಳಿ ಉಳಿದ ಸ್ಟೇರಿಂಗು ಮುಲುಗುತ್ತದೆ, ಜಗ್ಗುತ್ತದೆ. ಇಂತಹ ಮಾರ್ಪಾಡಿಗೆ ಕೈಹಾಕುವ ಮೊದಲು ಕಾಯಿದೆಯನ್ನೂ ವಿಚಾರಿಸಬೇಕು. ವಾಹನವನ್ನು ತಯಾರಕರ ವಿವರಗಳಿಗೆ ವಿರುದ್ಧವಾಗಿ ಬದಲಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ನಿರ್ಬಂಧಿಸುತ್ತದೆ.

ಚಾಲಕರಿಗೂ ಒಂದು ಮಾತು ಹೇಳಬೇಕು. ಎಂಜಿನು ನಿಂತರೆ ಪಂಪು ನಿಲ್ಲುತ್ತದೆ. ಆಗಲೂ ಹಲ್ಲುಗಾಲಿಗಳ ಸಂಬಂಧ ಕಡಿಯುವುದಿಲ್ಲವಾದ್ದರಿಂದ ಬಂಡಿಯನ್ನು ತಿರುಗಿಸಬಹುದು. ಆದರೆ ಮೊದಲಿಗಿಂತ ಹಲವು ಪಟ್ಟು ಬಲ ಬೇಕು. ಡೀಸೆಲು ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನನ್ನು ಆರಿಸುವವನು ತನ್ನ ಭುಜದ ಮೇಲೆ ಇಡೀ ಲಾರಿಯನ್ನು ಹೊತ್ತುಕೊಳ್ಳುತ್ತಾನೆ. ಬ್ರೇಕಿಗೆ ಗಾಳಿಯನ್ನು ತುಂಬುವ ಯಂತ್ರವನ್ನೂ ಅದೇ ಗಳಿಗೆಯಲ್ಲಿ ನಿಲ್ಲಿಸುತ್ತಾನೆ.

ಈಗಿನ ಸಣ್ಣ ಕಾರುಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟರು ಈ ಕೆಲಸವನ್ನು ಮಾಡುತ್ತದೆ. ಜಪಾನಿನ ಸುಜುಕಿ ಸಂಸ್ಥೆ ೧೯೮೮ರಲ್ಲಿ ಇದನ್ನು ಕಾರಿಗೆ ತಂದಿತು. ಅಲ್ಲಿ ಗಣಕಯಂತ್ರವೇ ದೋಷದ ಸಂಕೇತವನ್ನು ತೋರಿಸುತ್ತದೆ. ಹಾಗಾದರೆ ಹುಡುಕುವ ವಿದ್ಯೆ ಬೇಡವಾಯಿತೆ? ಇಲ್ಲ. ಸಂಕೇತ ತಿಳಿಸುವುದು ಎಲ್ಲಿ ವ್ಯತ್ಯಾಸ ಕಂಡಿತೆಂಬುದನ್ನು, ಏಕೆ ಕಂಡಿತೆಂಬುದನ್ನಲ್ಲ. ಮಣ್ಣು ಕೂತ ಕಿಂಗ್ ಪಿನ್ನಿನ ಮುಂದೆ ಎಣ್ಣೆಯ ಪಂಪು ಹೇಗೆ ನಿರಪರಾಧಿಯೋ, ಬಿಗಿದುಕೊಂಡ ಕೀಲಿನ ಮುಂದೆ ವಿದ್ಯುತ್ ಮೋಟರೂ ಹಾಗೆಯೇ. ಭಾರವಾದ ಲಾರಿ ಬಸ್ಸುಗಳಲ್ಲಂತೂ ಇಂದಿಗೂ ಎಣ್ಣೆಯದೇ ಪ್ರಾಬಲ್ಯ.

ಹುಬ್ಬಳ್ಳಿಗೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆಯೆಂದು ನಾವು ಭಾವಿಸುತ್ತೇವೆ. ಪುಣೆ-ಬೆಂಗಳೂರು ಹೆದ್ದಾರಿಯೂ ಕರಾವಳಿಯಿಂದ ಬರುವ ಹೆದ್ದಾರಿಯೂ ಕೂಡುವ ಊರು ಇದು. ೧೯೯೭ರಲ್ಲಿ ಹುಟ್ಟಿದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಇಲ್ಲಿದೆ. ೧೯೪೭ರಲ್ಲಿ ಆರಂಭವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ೨೦೧೫ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದಿದೆ. ನೆರೆಯ ಧಾರವಾಡದಲ್ಲಿ ದ್ರವಬಲದಿಂದಲೇ ನೆಲವನ್ನು ಅಗೆಯುವ ಯಂತ್ರಗಳು ತಯಾರಾಗುತ್ತವೆ. ಇಷ್ಟಿದ್ದೂ, ಪ್ಯಾಸ್ಕಲನ ನಿಯಮವನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿ ಭಾರವಾದ ಸ್ಟೇರಿಂಗಿನ ಮುಂದೆ ಕಕ್ಕಾಬಿಕ್ಕಿಯಾಗುತ್ತಾನೆ; ಅದನ್ನು ಸರಿಪಡಿಸಬಲ್ಲ ಗ್ಯಾರೇಜಿನ ಹುಡುಗನು ಪ್ಯಾಸ್ಕಲನ ಹೆಸರನ್ನೇ ಕೇಳಿಲ್ಲ. ಇವರಿಬ್ಬರ ನಡುವಣ ದಾರಿ ಬಸ್ಸಿನಲ್ಲಿ ಅರ್ಧ ಗಂಟೆಯದು. ಭೌತವಿಜ್ಞಾನದ ಪರೀಕ್ಷೆಯಲ್ಲಿ ನಿಯಮವನ್ನು ನಿರೂಪಿಸಿರೆಂದು ಕೇಳುವಂತೆಯೇ, ಮಾಪಕದ ಮೂರು ಅಂಕೆಗಳನ್ನು ಕೊಟ್ಟು ದೋಷವೆಲ್ಲಿದೆಯೆಂದು ಕೇಳುವ ಪ್ರಶ್ನೆಯೂ ಬರಲಿ. ತಿಂಗಳಿಗೊಂದು ದಿನ ಮಿಸ್ತ್ರಿಯೊಬ್ಬನು ಕಾಲೇಜಿಗೆ ಬಂದು ಪಾಠ ಹೇಳಲಿ. ಅವನಿಗೆ ಆ ದಿನದ ಕೂಲಿಯನ್ನು ಮರ್ಯಾದೆಯಿಂದ ಕೊಡಲಿ.

ವಾಚಕರಲ್ಲಿ ಅನೇಕರು ನಾಳೆ ಬಂಡಿಯ ಒಡೆಯರಾಗುವವರು, ಕೆಲವರು ಅದನ್ನು ಕಟ್ಟುವವರು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮನೆಯ ಸ್ಕೂಟರು, ಹೊಲದ ಪಂಪ್‌ಸೆಟ್ಟು, ಯಾವುದಾದರೂ ಕೆಟ್ಟು ರಿಪೇರಿಗೆ ಹೋದಾಗ ಜೊತೆಗೆ ಹೋಗಿ ನಿಲ್ಲಿರಿ. ಏನನ್ನು ಬದಲಿಸಬೇಕೆಂದು ಕೇಳುವ ಮೊದಲು, ಅದು ಕೆಟ್ಟಿದೆಯೆಂದು ತಿಳಿದದ್ದು ಹೇಗೆಂದು ಕೇಳಿರಿ. ತೃಪ್ತಿಯಾಗುವ ಉತ್ತರ ಸಿಕ್ಕಿದರೆ ಬಿಲ್ಲಿನಲ್ಲಿ ‘ಪರೀಕ್ಷೆ’ ಎಂಬ ಒಂದು ಸಾಲನ್ನು ಬರೆಯಿಸಿ, ಅದರ ಹಣವನ್ನು ತಕರಾರಿಲ್ಲದೆ ಕೊಡುವಂತೆ ಮನೆಯವರಿಗೆ ಹೇಳಿರಿ.